ಪ್ರಾಗ್‌ನ ಕಲ್ಲು ಬೀದಿಗಳಲ್ಲಿ ಪುಟ್ಟ ಮಕ್ಕಳು: ಸ್ಟ್ರಾಲರ್ ಒಳ್ಳೆಯದಾ, ಕ್ಯಾರಿಯರ್ರಾ?

ಮೊದಲೇ ಹೇಳಿಬಿಡುತ್ತೇನೆ. ಪ್ರಾಗ್‌ಗೆ ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ನನ್ನ ಸಲಹೆ ಬಟ್ಟೆಯ ಕ್ಯಾರಿಯರ್. ಮಗುವನ್ನು ಎದೆಗೋ ಬೆನ್ನಿಗೋ ಕಟ್ಟಿಕೊಳ್ಳುತ್ತೇವಲ್ಲ, ಅದು. ಅದರ ಜೊತೆ ಕೈಯಲ್ಲಿ ಟ್ರಾಮ್ ಪಾಸ್ ಇದ್ದರೆ ಊರು ನಿಮ್ಮದೇ.

ನಾವಿರುವುದು ಮ್ಯೂನಿಕ್‌ನಲ್ಲಿ. ಅಲ್ಲಿಂದ ಪ್ರಾಗ್‌ಗೆ ನೇರ ರೈಲಿದೆ. ಹೋದವರು ನಾನು, ನನ್ನ ಗಂಡ, ಐದು ವರ್ಷದ ಮಗಳು, ಒಂದೂವರೆ ವರ್ಷದ ಮಗ, ಊರಿಂದ ಬಂದಿದ್ದ ಅತ್ತೆ. ಅತ್ತೆಗೆ ಮಂಡಿ ನೋವಿದೆ. ಮಗಳು ನಡೆಯುತ್ತಾಳೆ, ಆದರೆ ಬೇಜಾರಾದರೆ ಅಲ್ಲೇ ಕೂತುಬಿಡುತ್ತಾಳೆ. ಮಗನಿಗೆ ಮಧ್ಯಾಹ್ನದ ನಿದ್ದೆ ತಪ್ಪಿದರೆ ಸಂಜೆ ಯಾರಿಗೂ ನೆಮ್ಮದಿ ಇಲ್ಲ. ಹೀಗಾಗಿ ನಾನು ಹೇಳುವುದೆಲ್ಲ ಇಂಥ ಮನೆಯ ಲೆಕ್ಕ.

ನಾವು ಬಳಸಿ ನೋಡಿದ್ದು ಮೂರು. ವಿಮಾನದಲ್ಲಿ ತಲೆ ಮೇಲಿನ ಖಾನೆಗೆ ಹಿಡಿಸುವ, ಮಡಚುವ ಹಗುರ ಸ್ಟ್ರಾಲರ್, ಅಂದರೆ ಮಗುವನ್ನು ಕೂರಿಸಿ ತಳ್ಳುವ ಗಾಡಿ. ಇದು ನಮ್ಮದೇ. ಎರಡನೆಯದು ದೊಡ್ಡ ಗಾಳಿ ಟೈರಿನ, ಮೂರು ಚಕ್ರದ ಸ್ಟ್ರಾಲರ್. ಪ್ರಾಗ್‌ನಲ್ಲೇ ಇರುವ ಸ್ನೇಹಿತರು ಬಳಸಲು ಕೊಟ್ಟಿದ್ದರು. ಮೂರನೆಯದು ಈ ಪ್ರವಾಸಕ್ಕೆಂದೇ ಕೊಂಡ ಸೆಕೆಂಡ್ ಹ್ಯಾಂಡ್ ಕ್ಯಾರಿಯರ್.

ಹಗುರ ಸ್ಟ್ರಾಲರ್‌ನ ಕಥೆ ಸ್ವಲ್ಪ ಉದ್ದ ಹೇಳಬೇಕು. ಯಾಕಂದರೆ ಹೆಚ್ಚಿನವರು ತೆಗೆದುಕೊಂಡು ಹೋಗುವುದು ಅದನ್ನೇ.

ಪ್ರಾಗ್‌ನ ಹಳೇ ಭಾಗದಲ್ಲಿ ಡಾಂಬರು ಕಡಿಮೆ. ರಸ್ತೆಗೆ ಗ್ರಾನೈಟ್ ಕಲ್ಲು, ಪಕ್ಕದ ಕಾಲುದಾರಿಗೆ ಸಣ್ಣ ಸಣ್ಣ ಚೌಕ ಕಲ್ಲು. ರಸ್ತೆಯ ಕಲ್ಲುಗಳು ಸಾಲಾಗಿ ಜೋಡಿಸಿಟ್ಟ ಬೆಲ್ಲದ ಅಚ್ಚಿನ ಹಾಗೆ. ಪ್ರತಿಯೊಂದರ ಅಂಚೂ ಸವೆದು ದುಂಡಗಾಗಿದೆ. ಎರಡು ಕಲ್ಲಿನ ನಡುವೆ ಬೆರಳು ತೂರುವಷ್ಟು ಸಂದಿ. ಹಗುರ ಸ್ಟ್ರಾಲರ್‌ನ ಮುಂದಿನ ಚಕ್ರ ಚಿಕ್ಕದು, ಜೊತೆಗೆ ಎಲ್ಲಾ ಕಡೆ ತಿರುಗುವಂಥದ್ದು. ಅದು ಸಂದಿಗೆ ಇಳಿಯುತ್ತದೆ, ಅಡ್ಡ ತಿರುಗುತ್ತದೆ, ಗಾಡಿ ಗಕ್ಕನೆ ನಿಲ್ಲುತ್ತದೆ. ತಳ್ಳುವವರ ಹೊಟ್ಟೆಗೆ ಹಿಡಿ ಬಂದು ಗುದ್ದುತ್ತದೆ. ಮಗು ಮುಂದಕ್ಕೆ ಬಾಗುತ್ತದೆ. ಎತ್ತಿ ಸರಿಮಾಡಿ ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಮತ್ತೆ ಅದೇ.

ಇದಕ್ಕೆ ಸ್ವಲ್ಪ ಪರಿಹಾರ ಇದೆ. ಮುಂದಿನ ಚಕ್ರ ತಿರುಗದಂತೆ ಲಾಕ್ ಮಾಡಿದರೆ ಅಡ್ಡ ತಿರುಗುವುದು ನಿಲ್ಲುತ್ತದೆ. ಆದರೆ ಆಗ ತಿರುವಿನಲ್ಲಿ ಇಡೀ ಗಾಡಿಯನ್ನು ಎತ್ತಿ ತಿರುಗಿಸಬೇಕು. ಇನ್ನೊಂದು, ಗಾಡಿಯನ್ನು ಹಿಂದಕ್ಕೆ ವಾಲಿಸಿ ಹಿಂದಿನ ಎರಡು ಚಕ್ರದ ಮೇಲೆ ನಮ್ಮ ಬೆನ್ನ ಹಿಂದೆ ಎಳೆದುಕೊಂಡು ಹೋಗುವುದು. ಇದು ನಿಜವಾಗಿಯೂ ಕೆಲಸ ಮಾಡುತ್ತದೆ. ಆದರೆ ಮಗು ಕಣ್ಣಿಗೆ ಕಾಣುವುದಿಲ್ಲ. ಜನ ತುಂಬಿದ ಬೀದಿಯಲ್ಲಿ ನನಗೆ ಅದು ಒಪ್ಪಲಿಲ್ಲ. ಟೋಪಿ ಬಿದ್ದರೂ ಗೊತ್ತಾಗುವುದಿಲ್ಲ, ಯಾರಾದರೂ ಎಡವಿದರೂ ಗೊತ್ತಾಗುವುದಿಲ್ಲ.

ಇದರ ಮೇಲೆ ಟ್ರಾಮ್ ಹಳಿ. ಹಳಿಯ ಪಕ್ಕದ ಸಂದಿಗೆ ಚಿಕ್ಕ ಚಕ್ರ ಸರಿಯಾಗಿ ಕೂರುವ ಅಳತೆ. ಓರೆಯಾಗಿ ದಾಟಿದರೆ ಸಿಕ್ಕಿಕೊಳ್ಳುತ್ತದೆ. ನೇರವಾಗಿ, ಮುಂದಿನ ಚಕ್ರವನ್ನು ಸ್ವಲ್ಪ ಎತ್ತಿ ದಾಟಬೇಕು. ಎದುರಿಗೆ ಟ್ರಾಮ್ ಗಂಟೆ ಬಾರಿಸುತ್ತಾ ಬರುತ್ತಿರುವಾಗ ಇದನ್ನೆಲ್ಲ ನೆನಪಿಟ್ಟುಕೊಳ್ಳುವುದು ಸುಲಭ ಅಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ನಿದ್ದೆ ಕೆಡುವುದು. ಸ್ಟ್ರಾಲರ್ ತರುವುದೇ ಮಗು ಅದರಲ್ಲಿ ಮಲಗಲಿ ಅಂತ ಅಲ್ವಾ? ಕಲ್ಲಿನ ಮೇಲೆ ಆ ಕುಲುಕಾಟಕ್ಕೆ ಮಗ ಕಣ್ಣು ಮುಚ್ಚುತ್ತಿದ್ದ, ತೆರೆಯುತ್ತಿದ್ದ, ಅಳುತ್ತಿದ್ದ. ಕೊನೆಗೆ ಅವನು ನನ್ನ ಹೆಗಲ ಮೇಲೆ, ಖಾಲಿ ಗಾಡಿ ಗಂಡನ ಕೈಯಲ್ಲಿ. ಅಲ್ಲಿಗೆ ಎರಡು ಭಾರ.

ಮೂರು ಚಕ್ರದ ದೊಡ್ಡ ಗಾಡಿಗೆ ಕಲ್ಲಿನ ತೊಂದರೆ ಇಲ್ಲವೇ ಇಲ್ಲ. ಗಾಳಿ ಟೈರು ಸಂದಿಗೆ ಇಳಿಯುವುದಿಲ್ಲ, ಕುಲುಕುವುದೂ ಕಡಿಮೆ. ಅದರಲ್ಲಿ ಮಗ ಚೆನ್ನಾಗಿ ಮಲಗಿದ. ಅದರ ತೊಂದರೆ ಮೆಟ್ಟಿಲು.

ಪ್ರಾಗ್‌ನ ಹಳೇ ಪಟ್ಟಣದಲ್ಲಿ ಎಷ್ಟೊಂದು ಹೋಟೆಲುಗಳು ನೆಲಮಾಳಿಗೆಯಲ್ಲಿವೆ. ಅದಕ್ಕೆ ಕಾರಣವೂ ಇದೆ. 13ನೇ ಶತಮಾನದಲ್ಲಿ ವ್ಲತಾವಾ ನದಿಯ ಪ್ರವಾಹಕ್ಕೆ ಹೆದರಿ ಊರಿನ ನೆಲವನ್ನೇ ಮಣ್ಣು ತುಂಬಿ ಎತ್ತರಿಸಿದರು. ಆಗ ಹಳೇ ಮನೆಗಳ ಮೊದಲ ಅಂತಸ್ತು ನೆಲದ ಕೆಳಗೆ ಹೋಯಿತು. ಇವತ್ತು ಆ ಕಮಾನಿನ ಕೋಣೆಗಳಲ್ಲಿ ಕೂತು ಊಟ ಮಾಡುವುದು ಚೆಂದ. ಆದರೆ ಇಳಿಯುವ ಮೆಟ್ಟಿಲು ಕಡಿದು, ಕಿರಿದು. ದೊಡ್ಡ ಗಾಡಿಯನ್ನು ಅಲ್ಲಿ ಇಳಿಸಲು ಇಬ್ಬರು ಬೇಕು. ಹೊರಗೆ ಬಿಟ್ಟು ಹೋಗೋಣವೆಂದರೆ ಅದು ಸ್ನೇಹಿತರದ್ದು, ಹೊಸದು ಕೊಳ್ಳಲು ನೂರಾರು ಯೂರೋ. ಹಾಗಾಗಿ ನಾವು ಗಾಡಿ ಹೋಗುವ ಕಡೆ ಮಾತ್ರ ಊಟ ಮಾಡಿದೆವು.

ಮೆಟ್ರೋದಲ್ಲೂ ಇದೇ. ಪ್ರಾಗ್ ಮೆಟ್ರೋ ಶುರುವಾದದ್ದು 1974ರಲ್ಲಿ. ಕೆಲವು ನಿಲ್ದಾಣ ತುಂಬಾ ಆಳ. ನಾಮ್ಯೆಸ್ತಿ ಮೀರು ನಿಲ್ದಾಣದ ಎಸ್ಕಲೇಟರ್ 87 ಮೀಟರ್ ಉದ್ದ. ಲಿಫ್ಟ್ ಎಲ್ಲಾ ನಿಲ್ದಾಣದಲ್ಲಿ ಇಲ್ಲ. ಕ್ಯಾರಿಯರ್ ಇದ್ದವರಿಗೆ ಈ ಯೋಚನೆಯೇ ಬೇಡ. ಮಗಳ ಕೈ ಹಿಡಿದುಕೊಂಡರೆ ಸಾಕು.

ಕ್ಯಾರಿಯರ್ ನನಗೆ ಯಾಕೆ ಇಷ್ಟವಾಯಿತು ಅಂದರೆ, ಬರೀ ಸಾಗಿಸಲು ಸುಲಭ ಅಂತಲ್ಲ. ಮಗ ಊರನ್ನು ನೋಡಿದ್ದೇ ಅದರಿಂದ.

ಹಳೇ ಟೌನ್ ಹಾಲ್‌ನ ಖಗೋಳ ಗಡಿಯಾರ 1410ರದ್ದು. ಗಂಟೆಗೊಮ್ಮೆ ಅಸ್ಥಿಪಂಜರ ಹಗ್ಗ ಜಗ್ಗಿ ಗಂಟೆ ಬಾರಿಸುತ್ತದೆ, ಮೇಲಿನ ಎರಡು ಕಿಟಕಿ ತೆರೆದು ಯೇಸುವಿನ ಶಿಷ್ಯರು ಒಬ್ಬೊಬ್ಬರಾಗಿ ಬಂದು ಹೋಗುತ್ತಾರೆ, ಕೊನೆಗೆ ಚಿನ್ನದ ಹುಂಜ ಕೂಗುತ್ತದೆ. ಕೆಳಗೆ ಜನ ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತಾರೆ. ಸ್ಟ್ರಾಲರ್‌ನಲ್ಲಿ ಕೂತ ಮಗುವಿಗೆ ಕಾಣುವುದು ಬರೀ ಕಾಲುಗಳು. ನಮ್ಮವನು ಒಮ್ಮೆ ಹಾಗೆ ಕಾಲು ನೋಡಿ ಅತ್ತ. ಇನ್ನೊಮ್ಮೆ ಅಪ್ಪನ ಬೆನ್ನಿನ ಮೇಲಿಂದ ಹುಂಜದ ಕೂಗು ಕೇಳಿ ಚಪ್ಪಾಳೆ ತಟ್ಟಿದ. ಮಗಳು ನನ್ನ ಹೆಗಲ ಮೇಲಿದ್ದಳು. ಮಗ ಗಾಡಿಯಲ್ಲಿದ್ದಿದ್ದರೆ ಅದನ್ನು ಬಿಟ್ಟು ಅವಳನ್ನು ಎತ್ತಿಕೊಳ್ಳಲು ಆಗುತ್ತಿತ್ತಾ?

ಚಾರ್ಲ್ಸ್ ಸೇತುವೆಯಲ್ಲೂ ಹಾಗೇ. 1357ರಲ್ಲಿ ಕಟ್ಟಲು ಶುರುಮಾಡಿದ ಸೇತುವೆ, 516 ಮೀಟರ್ ಉದ್ದ, ಎರಡೂ ಕಡೆ ಸೇರಿ 30 ಮೂರ್ತಿಗಳು. ನೆಪೊಮುಕ್‌ನ ಸಂತ ಯಾನ್ ಮೂರ್ತಿಯ ಬುಡದಲ್ಲಿ ಕಂಚಿನ ಫಲಕಗಳಿವೆ. ಒಂದರಲ್ಲಿರುವ ನಾಯಿಯನ್ನು ಜನ ಮುಟ್ಟಿ ಮುಟ್ಟಿ ಹೊಳೆಯುವಂತೆ ಮಾಡಿದ್ದಾರೆ. ಎದೆಗೆ ಕಟ್ಟಿಕೊಂಡಿದ್ದ ಮಗನ ಕೈಗೆ ಅದು ಸರಿಯಾಗಿ ಎಟುಕಿತು. ಅಲ್ಲಿಂದ ಬಿಡಿಸಿಕೊಂಡು ಬರಲು ತುಂಬಾ ಹೊತ್ತು ಬೇಕಾಯಿತು. ಸೇತುವೆಗೆ ಬೆಳಿಗ್ಗೆ ಎಂಟರೊಳಗೆ ಹೋಗಿ. ಪುಟ್ಟ ಮಕ್ಕಳಿದ್ದವರು ಹೇಗೂ ಆರಕ್ಕೇ ಎದ್ದಿರುತ್ತಾರೆ.

ಕೋಟೆಯ ಬುಡದಲ್ಲಿರುವ ಹಳೇ ಬಡಾವಣೆ ಮಲಾ ಸ್ತ್ರಾನಾ ಕಡೆಯ ತುದಿಗೆ ಹತ್ತಿರ, ಸೇತುವೆಯಿಂದಲೇ ಕಾಂಪಾ ದ್ವೀಪಕ್ಕೆ ಮೆಟ್ಟಿಲಿದೆ. ಕ್ಯಾರಿಯರ್ ಇದ್ದರೆ ಸೀದಾ ಇಳಿಯಬಹುದು. ಕೆಳಗೆ ಚೆರ್ಟೊವ್ಕಾ ಕಾಲುವೆಯಲ್ಲಿ ಮರದ ನೀರುಚಕ್ರ, ಪಾರ್ಕ್‌ನಲ್ಲಿ ಅಂಬೆಗಾಲಿಡುವ ದೈತ್ಯ ಕಂಚಿನ ಕೂಸುಗಳು. ಅವನ್ನು ಮಾಡಿದವರು ಡಾವಿಡ್ ಚೆರ್ನಿ. ಮಕ್ಕಳು ಅವುಗಳ ಮೇಲೆ ಹತ್ತಿ ಇಳಿಯುತ್ತಾರೆ.

ಕ್ಯಾರಿಯರ್‌ಗೆ ತೊಂದರೆ ಇಲ್ಲ ಅಂತಲ್ಲ. ಬೇಸಿಗೆಯಲ್ಲಿ ಇಬ್ಬರ ಬಟ್ಟೆಯೂ ಬೆವರಿಗೆ ಒದ್ದೆ. ಎರಡು ಗಂಟೆಯ ಮೇಲೆ ಸೊಂಟ ಹಿಡಿಯುತ್ತದೆ. ಗಂಡ ಹೆಂಡತಿ ಬದಲಾಯಿಸಿಕೊಳ್ಳುವಾಗ ಪ್ರತಿ ಸಲ ಬೆಲ್ಟ್ ಬಿಗಿ ಸರಿಮಾಡಬೇಕು. ಎದೆಗೆ ಕಟ್ಟಿಕೊಂಡು ಬಿಸಿ ಸೂಪ್ ಕುಡಿಯಲು ಹೋಗಬೇಡಿ, ಮಗುವಿನ ಕೈ ಬಟ್ಟಲಿಗೇ ಬರುತ್ತದೆ. ಸಾಮಾನು ಹಾಕಲು ಬುಟ್ಟಿ ಇಲ್ಲ. ಡೈಪರ್, ನೀರು, ಹಣ್ಣು ಎಲ್ಲ ಇನ್ನೊಬ್ಬರ ಬ್ಯಾಗಿಗೆ.

ಈ ಭಾರ ತಡೆಯುವಂತೆ ಮಾಡಿದ್ದು ಟ್ರಾಮ್. ಎರಡು ಮೂರು ಸ್ಟಾಪ್ ದೂರವಾದರೂ ನಾವು ಹತ್ತುತ್ತಿದ್ದೆವು. 24 ಗಂಟೆಯ ಅಥವಾ 72 ಗಂಟೆಯ ಪಾಸ್ ತೆಗೆದುಕೊಂಡರೆ ಎಷ್ಟು ಸಲ ಹತ್ತಿ ಇಳಿದರೂ ಅಷ್ಟೇ. ಆರು ವರ್ಷದೊಳಗಿನವರಿಗೆ ಟಿಕೆಟ್ ಬೇಕಿಲ್ಲ. ಕಾಗದದ ಟಿಕೆಟ್ ಆದರೆ ಮೊದಲ ಸಲ ಹತ್ತಿದಾಗ ಹಳದಿ ಯಂತ್ರದಲ್ಲಿ ಮುದ್ರೆ ಹಾಕಿಸಲೇಬೇಕು.

22ನೇ ನಂಬರ್ ಟ್ರಾಮ್ ಒಂದೇ ಸಾಕು, ಊರು ತೋರಿಸುತ್ತದೆ. ನ್ಯಾಷನಲ್ ಥಿಯೇಟರ್ ದಾಟಿ ನದಿಯ ಮೇಲೆ ಬಂದಾಗ ಬಲಗಡೆ ಕಿಟಕಿಯಲ್ಲಿ ಚಾರ್ಲ್ಸ್ ಸೇತುವೆ, ಅದರಾಚೆ ಗುಡ್ಡದ ಮೇಲೆ ಪ್ರಾಗ್ ಕೋಟೆ. ಆಮೇಲೆ ಮಲಾ ಸ್ತ್ರಾನಾದಲ್ಲಿ ಒಂದು ಕಿರಿದಾದ ಕಮಾನಿನೊಳಗೆ ತೂರಿ ಹೋಗುತ್ತದೆ. ಮಗಳು ಪ್ರತಿ ಸಲ ಅಲ್ಲಿ ಉಸಿರು ಬಿಗಿಹಿಡಿಯುತ್ತಿದ್ದಳು. ಆಮೇಲೆ ಗುಡ್ಡ ಹತ್ತಿ ಕೋಟೆಯ ಸ್ಟಾಪ್‌ನಲ್ಲಿ ಬಿಡುತ್ತದೆ. ಅಲ್ಲಿಂದ ಕೋಟೆಯ ಅಂಗಳಕ್ಕೆ ಹೆಚ್ಚುಕಡಿಮೆ ಸಮತಟ್ಟಾದ ದಾರಿ. ಅತ್ತೆ ಹೇಳಿದರು, "ಮಂಡಿ ನೋವೇ ಗೊತ್ತಾಗ್ಲಿಲ್ಲ ಕಣಮ್ಮ, ಕೂತಲ್ಲೇ ಎಲ್ಲಾ ನೋಡಿದೆ." ಆ ಟ್ರಾಮ್‌ನಲ್ಲಿ ಪ್ರವಾಸಿಗರು ಜಾಸ್ತಿ, ಜೇಬುಗಳ್ಳರ ಭಯವೂ ಇದೆ. ಪರ್ಸ್ ಮುಂದೆ ಇಟ್ಟುಕೊಳ್ಳಿ.

ಸ್ಟ್ರಾಲರ್ ಇಟ್ಟುಕೊಂಡು ಟ್ರಾಮ್ ಹತ್ತುವವರು ಒಂದು ನೋಡಿಕೊಳ್ಳಬೇಕು. ಹೊಸ ಟ್ರಾಮ್‌ಗಳ ನೆಲ ತಗ್ಗು, ಗಾಡಿ ಸಲೀಸಾಗಿ ಹೋಗುತ್ತದೆ. 23ನೇ ನಂಬರಿನಲ್ಲಿ ಓಡುವುದು ಹಳೇ ಕೆಂಪು ಬಿಳಿ ಟಾಟ್ರಾ ಟ್ರಾಮ್. ಮಕ್ಕಳಿಗೆ ಬಲು ಇಷ್ಟ, ಆದರೆ ಎತ್ತರದ ಮೆಟ್ಟಿಲು ಹತ್ತಬೇಕು. ಸ್ಟಾಪಿನ ವೇಳಾಪಟ್ಟಿಯಲ್ಲಿ ಗಾಲಿಕುರ್ಚಿ ಗುರುತಿದ್ದರೆ ಅದು ತಗ್ಗು ನೆಲದ್ದು.

ಕೋಟೆಯಿಂದ ಇಳಿಯುವಾಗ ನಡೆದೇ ಬನ್ನಿ, ನೆರುದೋವಾ ಬೀದಿಯಲ್ಲಿ. ಕಡಿದಾದ ಇಳಿಜಾರು. ಯಾವ ಸ್ಟ್ರಾಲರ್ ಆದರೂ ಅಲ್ಲಿ ಕೈ ಬಿಗಿಹಿಡಿದೇ ಇಳಿಸಬೇಕು. ಆದರೆ ನಡೆಯುವ ಮಗುವಿಗೆ ಇದಕ್ಕಿಂತ ಒಳ್ಳೆಯ ಬೀದಿ ಇಲ್ಲ. 1770ರಲ್ಲಿ ರಾಣಿ ಮರಿಯಾ ತೆರೇಸಾ ಕಾಲದಲ್ಲಿ ಮನೆಗಳಿಗೆ ನಂಬರ್ ಬರುವ ಮೊದಲು ಮನೆ ಗುರುತಿಸುತ್ತಿದ್ದದ್ದು ಬಾಗಿಲ ಮೇಲಿನ ಚಿತ್ರದಿಂದ. ಇಲ್ಲಿ ಅವು ಇನ್ನೂ ಇವೆ. ಮೂರು ಪಿಟೀಲು, ಎರಡು ಸೂರ್ಯ, ಚಿನ್ನದ ಲಾಳ. ಮುಂದಿನದ್ದು ಏನಿರಬಹುದು ಅಂತ ಹುಡುಕುತ್ತಾ ಮಗಳು ಕೆಳಗಿನವರೆಗೂ ಒಮ್ಮೆಯೂ ಕೂರಲಿಲ್ಲ. ಮಗ ನನ್ನ ಎದೆಗೆ ಒರಗಿ ನಿದ್ದೆ ಮಾಡಿದ.

ಕೆಳಗೆ ಬಂದ ಮೇಲೆ ವಾಲೆನ್‌ಸ್ಟೈನ್ ಅರಮನೆಯ ತೋಟ. ಈಗ ಆ ಅರಮನೆಯಲ್ಲಿ ಚೆಕ್ ಸಂಸತ್ತಿನ ಮೇಲ್ಮನೆ ಸೆನೆಟ್ ಇದೆ. ತೋಟ ಬೇಸಿಗೆ ತಿಂಗಳುಗಳಲ್ಲಿ ತೆರೆದಿರುತ್ತದೆ, ಟಿಕೆಟ್ ಇಲ್ಲ. ನವಿಲುಗಳು ಓಡಾಡುತ್ತವೆ, ಕೊಳದ ತುಂಬಾ ದೊಡ್ಡ ಮೀನು. ಬೆನ್ನಿಂದ ಮಗುವನ್ನು ಇಳಿಸಿ ಕೈಕಾಲು ಚಾಚಲು ಬಿಡುವುದಕ್ಕೆ ಇದೇ ಜಾಗ.

ಹಗುರ ಸ್ಟ್ರಾಲರ್‌ಗೂ ಒಂದು ಜಾಗ ಸಿಕ್ಕಿತು. ಲೆಟ್ನಾ ಪಾರ್ಕ್‌ನಲ್ಲಿ ದಾರಿ ನುಣುಪು. ಸಂಜೆ ಅಲ್ಲಿ ಅದು ಚೆನ್ನಾಗಿ ಓಡಿತು. ಬರೀ ಅಷ್ಟಕ್ಕೆ ಮ್ಯೂನಿಕ್‌ನಿಂದ ಹೊತ್ತು ತರಬೇಕಿರಲಿಲ್ಲ.

ಹಣದ ಲೆಕ್ಕವೂ ಹೇಳುತ್ತೇನೆ. ಟ್ರಾಮ್ ನಂಬಿದ್ದರಿಂದ ನಾವು ಹಳೇ ಪಟ್ಟಣದ ಮಧ್ಯೆ ಉಳಿಯಲಿಲ್ಲ. 22ನೇ ಟ್ರಾಮ್ ಹೋಗುವ ವಿನೋಹ್ರಾದಿ ಬಡಾವಣೆಯಲ್ಲಿ ಅಡುಗೆಮನೆ ಇರುವ ಮನೆ ಹಿಡಿದೆವು. ಬಾಡಿಗೆ ಕಡಿಮೆ, ಬೆಳಿಗ್ಗೆ ಉಪ್ಪಿಟ್ಟು, ರಾತ್ರಿ ಮೊಸರನ್ನ. ಹೊರಗೆ ಮಾಂಸ ತಿನ್ನದವರಿಗೆ ಕರಿದ ಚೀಸ್, ಆಲೂಗಡ್ಡೆ ರೊಟ್ಟಿಯಂಥ ಬ್ರಾಂಬೊರಾಕ್ ಸಿಗುತ್ತವೆ. ಮಕ್ಕಳು ದಿನಾ ಅದನ್ನೇ ತಿನ್ನುವುದಿಲ್ಲ. ಮಧ್ಯಾಹ್ನ ಬಿಸಿಲು ಜಾಸ್ತಿಯಾದರೆ ಟ್ರಾಮ್ ಹತ್ತಿ ಮನೆಗೆ ಬಂದು ಮಲಗಿ, ಮತ್ತೆ ಸಂಜೆ ಹೊರಡುತ್ತಿದ್ದೆವು.

ಮಗುವಿಗೆ ಮೂರು ವರ್ಷ ದಾಟಿದ್ದರೆ, ಅವಳಿ ಮಕ್ಕಳಿದ್ದರೆ ಅಥವಾ ನಿಮಗೆ ಬೆನ್ನು ನೋವಿದ್ದರೆ ಕ್ಯಾರಿಯರ್ ಆಗುವುದಿಲ್ಲ. ಆಗ ಗಾಳಿ ಟೈರಿನ ಗಾಡಿಯನ್ನು ಅಲ್ಲೇ ಬಾಡಿಗೆಗೋ ಪರಿಚಯದವರಿಂದಲೋ ಪಡೆಯಿರಿ, ಊಟಕ್ಕೆ ಬೀದಿ ಮಟ್ಟದ ಹೋಟೆಲು ಆರಿಸಿ. ಕ್ಯಾರಿಯರ್ ಕೊಳ್ಳುವವರು ಭಾರ ಹೆಗಲಿಗಲ್ಲ, ಸೊಂಟಕ್ಕೆ ಕೂರುವಂಥ ಅಗಲ ಬೆಲ್ಟ್ ಇರುವುದನ್ನೇ ನೋಡಿ. ಹೊರಡುವ ಒಂದು ವಾರ ಮುಂಚೆ ಮಗುವನ್ನು ಕಟ್ಟಿಕೊಂಡು ಒಂದು ಗಂಟೆ ಮಾರ್ಕೆಟ್ ಸುತ್ತಿ ಬನ್ನಿ. ಬೆಲ್ಟ್ ಎಲ್ಲಿ ಒತ್ತುತ್ತದೆ, ಮಗು ಒಪ್ಪುತ್ತದಾ ಇಲ್ಲವಾ ಅಂತ ಆಗಲೇ ಗೊತ್ತಾಗುತ್ತದೆ.