ಟಿಎಲ್‌ಡಿ ಗುಳಿಗೆಗೆ ಐದು ಸ್ಟಾರ್, ಕಿಟಕಿಗೆ ಎರಡು

ಎಚ್‌ಐವಿಗೆ ಕೊಡುವ ಟಿಎಲ್‌ಡಿ ಗುಳಿಗೆಗೆ ಐದಕ್ಕೆ ಐದು. ಅದನ್ನು ಕೊಡುವ ಕಿಟಕಿಗೆ ಎರಡು, ಅದೂ ಇವತ್ತು ನನ್ನ ಮನಸ್ಸು ಚೆನ್ನಾಗಿದೆ ಅಂತ. ಒಳಗೆ ಕೂರುವ ಕೌನ್ಸೆಲರ್ ಮೇಡಂಗೆ ಎಷ್ಟು ಕೊಡಬೇಕು ಅಂತ ತಿಳಿಯದೆ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಎಚ್‌ಐವಿ ಗುಳಿಗೆ ಶುರು ಮಾಡಿದ್ದು 2009ರಲ್ಲಿ. ಇಳಕಲ್ ಕಡೆಯ ನೇಕಾರರ ಮನೆ ನಮ್ಮದು. ನನ್ನ ಹೆಸರು ಬೇಡ, ಆಸ್ಪತ್ರೆಯ ಹೆಸರೂ ಬೇಡ. ಸರ್ಕಾರಿ ಆಸ್ಪತ್ರೆ, ಅದರ ಎಆರ್‌ಟಿ ಸೆಂಟರ್, ಅಂದರೆ ಎಚ್‌ಐವಿಗೆ ಔಷಧ ಕೊಡುವ ಜಾಗ, 17ನೇ ನಂಬರ್ ರೂಮಲ್ಲಿದೆ, ಅಷ್ಟು ಸಾಕು. ನಮ್ಮೊಳಗೆ ಅದನ್ನು ಯಾರೂ ಸೆಂಟರ್ ಅನ್ನುವುದಿಲ್ಲ. ‘ಹದಿನೇಳಕ್ಕ ಹೋಗಿದ್ದೆ’ ಅಂದರೆ ಗೊತ್ತಾಗುತ್ತದೆ.

ಮೊದಲು ಗುಳಿಗೆಯ ವಿಷಯ. ಹೊಸದಾಗಿ ಶುರು ಮಾಡುವವರಿಗೆ ಈಗ ಸಿಗುವುದು ಟಿಎಲ್‌ಡಿ. ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ, ಮೂರೂ ಸೇರಿ ಒಂದೇ ಗುಳಿಗೆ, ದಿನಕ್ಕೆ ಒಂದು ಸಲ, ಊಟದ ಮುಂಚೆಯೋ ಆಮೇಲೋ ಅಂತಲೂ ಇಲ್ಲ. ‘ಇಷ್ಟೇನಾ?’ ಅಂತ ಹೊಸಬರು ಕೇಳುತ್ತಾರೆ. ಹೌದಪ್ಪಾ, ಇಷ್ಟೇ. ಆದರೆ ಇಷ್ಟಕ್ಕೆ ಬರಲು ಹಿಂದಿನವರು ಏನೇನು ನುಂಗಿದ್ದಾರೆ ಅಂತ ನನ್ನನ್ನು ಕೇಳಿ.

ನಾನು ಶುರು ಮಾಡಿದಾಗ ಸಿಡಿ4, ಅಂದರೆ ರೋಗದ ಜೊತೆ ಹೋರಾಡುವ ಬಿಳಿ ರಕ್ತಕಣದ ಲೆಕ್ಕ, 178 ಇತ್ತು, ತೂಕ 41 ಕೆಜಿ. ಕೊಟ್ಟಿದ್ದು ಸ್ಟಾವುಡಿನ್, ಲ್ಯಾಮಿವುಡಿನ್, ನೆವಿರಾಪಿನ್. ಮೊದಲ ಎರಡು ವಾರ ಬೆಳಗ್ಗೆ ಒಂದು ಥರದ್ದು, ರಾತ್ರಿ ಇನ್ನೊಂದು ಥರದ್ದು, ಯಾಕೆಂದರೆ ನೆವಿರಾಪಿನ್ ಒಮ್ಮೆಲೇ ಪೂರ್ತಿ ಕೊಟ್ಟರೆ ಮೈತುಂಬ ದದ್ದು ಏಳುವ ಭಯ ಜಾಸ್ತಿ. ಜೀವ ಉಳಿಯಿತು, ಸುಳ್ಳು ಹೇಳುವುದಿಲ್ಲ. ಆದರೆ ಒಂದೂವರೆ ವರ್ಷದಲ್ಲಿ ಅಂಗಾಲು ಉರಿಯಲು ಶುರುವಾಯಿತು, ಮಗ್ಗದ ಕೆಳಗೆ ಕಾಲು ಇಳಿಬಿಟ್ಟು ಕೂರಲು ಆಗುತ್ತಿರಲಿಲ್ಲ. ಕೆನ್ನೆ ಒಳಗೆ ಹೋಯಿತು. ಊರವರು ಕೇಳುತ್ತಿದ್ದದ್ದು ಕೆನ್ನೆಯನ್ನೇ. ಇದೆಲ್ಲ ಸ್ಟಾವುಡಿನ್ ಕೊಡುಗೆ, ಆಮೇಲೆ ಅದನ್ನು ನಿಲ್ಲಿಸಿಯೇ ಬಿಟ್ಟರು. ಅದರ ಬದಲು ಜಿಡೊವುಡಿನ್ ಬಂತು, ನನ್ನ ಹಿಮೋಗ್ಲೋಬಿನ್ 7ಕ್ಕೆ ಇಳಿಯಿತು. ಎಚ್‌ಐವಿಗೆ ಅಂತ ಒಪ್ಪಿಗೆ ಸಿಕ್ಕ ಮೊದಲ ಔಷಧವೇ ಅದು, ಅಮೆರಿಕದಲ್ಲಿ 1987ರಲ್ಲಿ. ತಯಾರಾಗಿದ್ದು ಮಾತ್ರ 1964ರಲ್ಲಿ, ಕ್ಯಾನ್ಸರ್‌ಗೆ ಆಗಬಹುದು ಅಂತ. ಆಗಲಿಲ್ಲ, ಮೂಲೆ ಸೇರಿತ್ತು.

ನಂತರ ಟಿಎಲ್‌ಇ. ರಾತ್ರಿ ಮಲಗುವಾಗ ಒಂದೇ ಗುಳಿಗೆ, ಕಾಲುರಿ ಇಲ್ಲ, ರಕ್ತ ಕಡಿಮೆ ಆಗುವುದಿಲ್ಲ. ಸ್ವರ್ಗ ಅಂದುಕೊಂಡೆ. ಆದರೆ ಅದರಲ್ಲಿ ಎಫಾವಿರೆಂಜ್ ಅನ್ನುವುದೊಂದಿದೆ, ಅದನ್ನು ತಗೊಂಡವರಿಗೆ ಕನಸಿನ ಬಗ್ಗೆ ಹೇಳಬೇಕಾಗಿಲ್ಲ. ನಮ್ಮ ಮಗ್ಗ ಯಾರೂ ಇಲ್ಲದೆ ತಾನೇ ಓಡುತ್ತಿರುತ್ತದೆ, ಸೀರೆ ಬಾಗಿಲು ದಾಟಿ ಬೀದಿಗೆ ಹೋಗುತ್ತಿರುತ್ತದೆ, ನಾನು ಹಿಡಿಯಲು ಓಡುತ್ತಿರುತ್ತೇನೆ. ವಾರಕ್ಕೆ ಎರಡು ಸಲ ಇದೇ ಕನಸು. ನನ್ನ ಹೆಂಡತಿ ‘ಏಳ್ರಿ, ಒದರಾಕ ಹತ್ತೀರಿ’ ಅಂತ ಎಬ್ಬಿಸುತ್ತಿದ್ದಳು. ಬೆಳಗ್ಗೆ ಹತ್ತರವರೆಗೂ ತಲೆ ಗಿರ್ರ್ ಅನ್ನುತ್ತಿತ್ತು.

2021ರಲ್ಲಿ ಟಿಎಲ್‌ಡಿಗೆ ಬದಲಾಯಿಸಿದರು. ಕನಸು ನಿಂತಿತು. ಕಂಪ್ಲೇಂಟ್ ಇಲ್ಲವೇ ಇಲ್ಲ ಅಂತಲ್ಲ. ಮೊದಲ ತಿಂಗಳು ನಿದ್ದೆ ಸರಿ ಬರಲಿಲ್ಲ, ಅದಕ್ಕೆ ಬೆಳಗ್ಗೆಗೆ ಮಾಡಿಕೊಂಡೆ. ತೂಕ ಆರು ಕೆಜಿ ಏರಿತು, ಡೊಲುಟೆಗ್ರಾವಿರ್‌ನಿಂದ ಹಾಗೆ ಆಗುವುದುಂಟಂತೆ, ಅವ್ವನಿಗಂತೂ ಭಾರೀ ಖುಷಿ. ಒಂದು ಮಾತು ಮಾತ್ರ ಯಾರೂ ಸರಿಯಾಗಿ ಹೇಳುವುದಿಲ್ಲ, ಇಲ್ಲಿ ಬರೆದಿಡುತ್ತೇನೆ. ಅಸಿಡಿಟಿ ಔಷಧ, ಅಂದರೆ ಆ ಗುಲಾಬಿ, ಬಿಳಿ ಬಣ್ಣದ ಗಟ್ಟಿ ದ್ರವ, ಇದರ ಜೊತೆ ಕುಡಿಯಬೇಡಿ. ಗುಳಿಗೆ ತಗೊಂಡು ಎರಡು ಗಂಟೆ ಬಿಟ್ಟು ಕುಡಿಯಿರಿ. ಒಟ್ಟಿಗೆ ಹೋದರೆ ಡೊಲುಟೆಗ್ರಾವಿರ್ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆ ಇದ್ದವರೂ ಡಾಕ್ಟರ್‌ಗೆ ಹೇಳಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಇದ್ದರೂ ಹೇಳಿ, ಅದರ ಡೋಸ್ ನೋಡಬೇಕಾಗುತ್ತದೆ.

ಇದು ಒಳಗೆ ಏನು ಮಾಡುತ್ತದೆ ಅಂತ ಒಬ್ಬ ಡಾಕ್ಟರ್ ಕೈಬೆರಳಲ್ಲಿ ತೋರಿಸಿದ್ದರು. ನಾನು ಅದನ್ನು ನಮ್ಮ ಮಗ್ಗದ ಮಾತಿಗೆ ತಂದುಕೊಂಡೆ. ವೈರಸ್ ನಮ್ಮ ಬಿಳಿ ರಕ್ತಕಣದೊಳಗೆ ಹೋಗಿ ತನ್ನ ನೂಲು ತಾನು ತೆಗೆಯುತ್ತದೆ. ಟೆನೊಫೊವಿರ್, ಲ್ಯಾಮಿವುಡಿನ್ ಎರಡೂ ಆ ನೂಲಿನ ಎಳೆಯ ಹಾಗೇ ಕಾಣುತ್ತವೆ, ಆದರೆ ಅದಕ್ಕೆ ಮುಂದಿನ ಎಳೆ ಗಂಟು ಕೂರುವುದಿಲ್ಲ. ನೂಲು ಅಲ್ಲಿಗೇ ತುಂಡು. ಹಾಗೂ ತಪ್ಪಿಸಿಕೊಂಡು ಪೂರ್ತಿ ಆದ ನೂಲನ್ನು ವೈರಸ್ ನಮ್ಮ ಕಣದ ಡಿಎನ್‌ಎಗೆ ಜೋಡಿಸಬೇಕು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ನೂಲಿಗೆ ಸೆರಗಿನ ಹಾಸು ನೂಲನ್ನು ಕೊಂಡಿ ಹಾಕಿ ಕೂಡಿಸುತ್ತಾರಲ್ವಾ, ಥೇಟ್ ಹಾಗೆ. ಡೊಲುಟೆಗ್ರಾವಿರ್ ಆ ಕೊಂಡಿ ಹಾಕುವ ಕೈಯನ್ನೇ ಹಿಡಿದುಬಿಡುತ್ತದೆ. ಆದರೆ ಮೊದಲೇ ಕೊಂಡಿ ಬಿದ್ದ ಕಣಗಳು ಮೈಯಲ್ಲಿ ಎಲ್ಲೋ ಸುಮ್ನೆ ಕೂತಿರುತ್ತವೆ, ಅವನ್ನು ಬಿಚ್ಚುವ ಔಷಧ ಇನ್ನೂ ಇಲ್ಲ. ಅದಕ್ಕೇ ಇದು ಜೀವನಪೂರ್ತಿ.

ನನ್ನ ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವ ರಿಪೋರ್ಟಲ್ಲಿ ‘ಟಾರ್ಗೆಟ್ ನಾಟ್ ಡಿಟೆಕ್ಟೆಡ್’ ಅಂತ ಬರುತ್ತದೆ. ಹುಡುಕಿದರೂ ಸಿಗುವುದಿಲ್ಲ ಅನ್ನುವ ಮಟ್ಟದಲ್ಲೇ ಅದು ಉಳಿದರೆ ದೈಹಿಕ ಸಂಬಂಧದಿಂದ ಸಂಗಾತಿಗೆ ಹರಡುವುದಿಲ್ಲ. ಹೆಂಡತಿಯದು ನೆಗೆಟಿವ್, ಮಗಳದೂ. ಮಗಳು ಪಿಯುಸಿ.

ಹಣದ ಮಾತು. ನಾನು ಇವತ್ತಿನವರೆಗೆ ಈ ಗುಳಿಗೆಗೆ ಒಂದು ರೂಪಾಯಿ ಕೊಟ್ಟಿಲ್ಲ. ಸರ್ಕಾರ ಪುಕ್ಕಟೆ ಕೊಡಲು ಶುರು ಮಾಡಿದ್ದು 2004ರ ಏಪ್ರಿಲ್ 1ರಿಂದ, ಆಗ ರೋಗ ಜಾಸ್ತಿ ಇದ್ದ ಆರು ರಾಜ್ಯ ಮತ್ತು ದೆಹಲಿಯಲ್ಲಿ. ಆ ಆರರಲ್ಲಿ ಕರ್ನಾಟಕವೂ ಒಂದು. ಅದಕ್ಕೂ ಕೆಲವೇ ವರ್ಷ ಹಿಂದೆ ಈ ಚಿಕಿತ್ಸೆಗೆ ಅಮೆರಿಕದ ರೇಟು ವರ್ಷಕ್ಕೆ 10,000 ಡಾಲರ್‌ಗೂ ಮೇಲೆ. 2001ರಲ್ಲಿ ಮುಂಬೈನ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅವರು 350 ಡಾಲರ್‌ಗೆ ಕೊಡುತ್ತೇನೆ ಅಂದರು, ದಿನಕ್ಕೆ ಒಂದು ಡಾಲರ್‌ಗಿಂತ ಕಡಿಮೆ. ನಮ್ಮ 1970ರ ಪೇಟೆಂಟ್ ಕಾಯ್ದೆ ಔಷಧಕ್ಕೆ ಪೇಟೆಂಟ್ ಕೊಡುತ್ತಿರಲಿಲ್ಲ, ಮಾಡುವ ವಿಧಾನಕ್ಕೆ ಮಾತ್ರ ಕೊಡುತ್ತಿತ್ತು, ಅದಕ್ಕೆ ಸಾಧ್ಯವಾಯಿತು. 2005ರಲ್ಲಿ ಆ ಕಾಯ್ದೆ ಬದಲಾಯಿತು. ಆದರೂ ಲೈಸೆನ್ಸ್ ಮೂಲಕ ನಮ್ಮ ಕಂಪನಿಗಳಿಗೆ ದಾರಿ ಸಿಕ್ಕು, 2017ರಲ್ಲಿ ಬಡ ದೇಶಗಳಿಗೆ ಇದೇ ಟಿಎಲ್‌ಡಿ ವರ್ಷಕ್ಕೆ ಸುಮಾರು 75 ಡಾಲರ್‌ಗೆ ಅಂತ ಒಪ್ಪಂದ ಆಯಿತು. ಸ್ಟಾವುಡಿನ್‌ಗೆ ನನ್ನ ಬೈಗುಳ ಎಷ್ಟೇ ಇರಲಿ, 350 ಡಾಲರ್‌ನ ಆ ಗುಳಿಗೆಯಲ್ಲಿ ಇದ್ದದ್ದೂ ಅದೇ.

ಈಗ ಕಿಟಕಿ. ಔಷಧ ಕೊಡುವ ಕಿಟಕಿ ಇರುವುದು ರೂಮಿನ ಹೊರಗೆ, ಎಕ್ಸ್‌ರೇಗೆ ಹೋಗುವ ದಾರಿಯಲ್ಲಿ. ಊರಿಗೆ ಊರೇ ಅಲ್ಲಿ ಓಡಾಡುತ್ತದೆ. ನಮ್ಮ ಚಿಕಿತ್ಸೆಯ ಹಸಿರು ಪುಸ್ತಕ ಕೊಟ್ಟು ನಿಂತರೆ ಒಳಗಿನವರು ಹೆಸರು, ಊರು ಎರಡನ್ನೂ ಸಂತೆಯಲ್ಲಿ ಕೂಗಿದ ಹಾಗೆ ಕೂಗುತ್ತಾರೆ. ಟೋಕನ್ ಕೊಡಿ ಅಂತ ಮೂರು ಸಲ ಬರೆದುಕೊಟ್ಟಿದ್ದೇನೆ. ಒಮ್ಮೆ ನಮ್ಮೂರಿನ ಒಬ್ಬರು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಅದೇ ಹೊತ್ತಿಗೆ ಬಂದರು. ನಾನು ನನ್ನ ಹೆಸರು ಕೂಗಿದರೂ ಓಗೊಡದೆ ಬೆಂಚ್ ಮೇಲೆ ಕೂತೆ, ನಾಲ್ಕು ಸಲ ಕೂಗಿದರು, ಕಡೆಗೆ ಅವರೇ ‘ನಿನ್ನನ್ನ ಕರೀತಾರಲ್ಲೋ’ ಅಂದರು.

ಸ್ಟಾಕ್ ಇಲ್ಲ ಅಂತ ಒಂದು ಸಲ 30ರ ಬದಲು 7 ಗುಳಿಗೆ ಎಣಿಸಿ ಕೊಟ್ಟರು. ನನಗೆ ಹೋಗಿ ಬರಲು ಒಂದು ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜ್ ಬೇರೆ. ಆ ತಿಂಗಳು ನಾಲ್ಕು ಸಲ ಹೋದೆ. ನನ್ನ ಪಕ್ಕ ನಿಂತಿದ್ದ ಹುಡುಗ ವಾಪಸ್ ಬರಲೇ ಇಲ್ಲ. 2022ರಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕಚೇರಿ ಮುಂದೆ ಇದೇ ಕಾರಣಕ್ಕೆ ಜನ ವಾರಗಟ್ಟಲೆ ಧರಣಿ ಕೂತಿದ್ದರು. ಗುಳಿಗೆ ತಪ್ಪಿದರೆ ಏನಾಗುತ್ತದೆ ಅಂತ ಕೂತವರಿಗೆ ಗೊತ್ತಿತ್ತು. ಈ ವೈರಸ್ ನಕಲು ಮಾಡುವಾಗ ತಪ್ಪು ಜಾಸ್ತಿ ಮಾಡುತ್ತದೆ, ಔಷಧ ಅರೆಬರೆ ಇದ್ದಾಗ ಆ ತಪ್ಪು ನಕಲುಗಳಲ್ಲಿ ಔಷಧಕ್ಕೆ ಜಗ್ಗದ್ದು ಬೆಳೆದುಕೊಳ್ಳುತ್ತದೆ. ನೆವಿರಾಪಿನ್‌ಗೆ ಒಂದೇ ಒಂದು ತಪ್ಪು ಸಾಕಿತ್ತು. ಡೊಲುಟೆಗ್ರಾವಿರ್ ಗಟ್ಟಿಗ, ಸುಲಭಕ್ಕೆ ಸೋಲುವುದಿಲ್ಲ, ಆದರೂ ಅದನ್ನು ಪರೀಕ್ಷೆ ಮಾಡುವ ಕೆಲಸ ಕಿಟಕಿಯವರದಲ್ಲ.

ಮೇಡಂ ವಿಷಯಕ್ಕೆ ಬರುತ್ತೇನೆ. ಪ್ರತಿ ಸಲ ಡಬ್ಬಿ ತಗೊಂಡು ಹೋಗಬೇಕು, ಉಳಿದದ್ದನ್ನು ಅವರು ಮೇಜಿನ ಮೇಲೆ ಸುರಿದು ಎಣಿಸುತ್ತಾರೆ. ‘ಎಷ್ಟ್ ಉಳದಾವ ನೋಡೋಣ್ರಿ ಅಣ್ಣಾರ.’ ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು, ಚಿಕ್ಕ ಹುಡುಗನಾ ನಾನು ಅಂತ. ಎಫಾವಿರೆಂಜ್ ಕಾಲದಲ್ಲಿ ಒಮ್ಮೆ ಸುಳ್ಳು ಲೆಕ್ಕ ಸಿಗಲಿ ಅಂತ ತಗೊಳ್ಳದೆ ಉಳಿದಿದ್ದ ಒಂಬತ್ತು ಗುಳಿಗೆ ಬಚ್ಚಲಿಗೆ ಹಾಕಿ ಹೋಗಿದ್ದೆ. ಲೆಕ್ಕ ಸರಿ ಬಂತು. ಅವರು ಲೆಕ್ಕ ಬರೆದುಕೊಂಡು, ಪೆನ್ನು ಮುಚ್ಚಿ, ‘ನಿದ್ದಿ ಹೆಂಗ್ ಬರ್ತದ್ರಿ?’ ಅಂದರು. ಅಷ್ಟೇ ಕೇಳಿದ್ದು. ನಾನು ಮಗ್ಗದ ಕನಸನ್ನೆಲ್ಲ ಹೇಳಿಬಿಟ್ಟೆ, ಬಚ್ಚಲನ್ನೂ ಹೇಳಿದೆ. ಅವರು ಬೈಯಲಿಲ್ಲ. ಊಟ ಆದ ಕೂಡಲೇ ತಗೋಬೇಡಿ, ಎಣ್ಣೆಯ ಊಟದ ಮೇಲೆ ತಗೊಂಡರೆ ಕನಸು ಹೆಚ್ಚು ಅಂದರು. ಸ್ವಲ್ಪ ಕಡಿಮೆ ಆಯಿತು ಕೂಡ.

ಇನ್ನೊಂದು ಸಲ. ಹರ್ನಿಯಾ ಆಪರೇಷನ್‌ಗೆ ಒಂದು ಖಾಸಗಿ ನರ್ಸಿಂಗ್ ಹೋಮ್‌ಗೆ ಸೇರಿದ್ದೆ. ರೋಗ ಗೊತ್ತಾದ ಮೇಲೆ ‘ಕಿಟ್’ ಅಂತ ಸಾವಿರಾರು ರೂಪಾಯಿ ಜಾಸ್ತಿ ಕೇಳಿದರು, ಮಂಚದ ಕಾಲ ಹತ್ತಿರ ನೇತುಹಾಕಿದ ಹಾಳೆಯ ಮೇಲೆ ಕೆಂಪು ಇಂಕಿನಲ್ಲಿ ರೋಗದ ಹೆಸರು ದೊಡ್ಡದಾಗಿ ಬರೆದರು. ಮೇಡಂ ಫೋನ್ ಮಾಡಿ 2017ರ ಎಚ್‌ಐವಿ ಕಾಯ್ದೆಯ ಹೆಸರು ಹೇಳಿದರು. ಚಿಕಿತ್ಸೆಯಲ್ಲಿ ಭೇದ ಮಾಡಬಾರದು, ಒಪ್ಪಿಗೆ ಇಲ್ಲದೆ ರೋಗ ಬಹಿರಂಗ ಮಾಡಬಾರದು ಅಂತ ಅದರಲ್ಲಿದೆ. ಅರ್ಧ ಗಂಟೆಯಲ್ಲಿ ಹಾಳೆ ಬದಲಾಯಿತು. ಕಿಟ್ ದುಡ್ಡು ಮಾತ್ರ ವಾಪಸ್ ಬರಲಿಲ್ಲ.

ಈಗ ವರ್ಷಕ್ಕೆ ಎರಡೇ ಇಂಜೆಕ್ಷನ್, ಲೆನಾಕಪಾವಿರ್ ಅಂತ ಬಂದಿದೆ. ರೋಗ ಬರದ ಹಾಗೆ ತಡೆಯಲು ಅಮೆರಿಕದಲ್ಲಿ 2025ರ ಜೂನ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಜೆನೆರಿಕ್ ಮಾಡುವ ಲೈಸೆನ್ಸ್ ಹೈದರಾಬಾದ್ ಕಂಪನಿಗಳಿಗೂ ಇದೆ. ನನ್ನಂಥವರಿಗೂ ಮುಂದೆ ಹಾಗೇ ಆರು ತಿಂಗಳಿಗೊಂದು ಚುಚ್ಚುವಂತಾದರೆ ಕಿಟಕಿಯ ಕಾಟ ತಪ್ಪುತ್ತದೆ. ಆದರೆ ‘ನಿದ್ದಿ ಹೆಂಗ್ ಬರ್ತದ್ರಿ’ ಅಂತ ಆರು ತಿಂಗಳಿಗೊಮ್ಮೆ ಕೇಳಿದರೆ ನನಗೆ ಸಾಕಾಗುತ್ತದಾ, ಗೊತ್ತಿಲ್ಲ.

ಹೊಸಬರಿಗೆ ಎರಡು ಮಾತು. ಸೋಮವಾರ ಹೋಗಬೇಡಿ, ಕ್ಯೂ ಮೆಟ್ಟಿಲವರೆಗೆ ಬಂದಿರುತ್ತದೆ. ಏನಾದರೂ ಕೇಳಬೇಕಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ. ಡಬ್ಬಿ ಬಸ್ಸಿನಲ್ಲಿ ಗಲಗಲ ಅನ್ನುತ್ತದೆ, ಪಕ್ಕದವರು ತಿರುಗಿ ನೋಡುತ್ತಾರೆ, ಅದಕ್ಕೆ ಒಳಗೆ ಒಂದು ಚೂರು ಒಣ ಹತ್ತಿ ತುರುಕಿ. ಹತ್ತಿಗೆ ಜಾಗ ಮಾಡಲು ಒಳಗಿನ ಸಣ್ಣ ಬಿಳಿ ಪೊಟ್ಟಣ ಎಸೆಯಬೇಡಿ, ಗುಳಿಗೆಗೆ ತೇವ ಹಿಡಿಯದಿರಲಿ ಅಂತ ಇಟ್ಟದ್ದು ಅದು. ನಾನು ಎಸೆದು ಬೈಸಿಕೊಂಡಿದ್ದೇನೆ.