ಜಾವಾ, ಟೈಪ್‌ಸ್ಕ್ರಿಪ್ಟ್, ಪೈಥಾನ್: ಉಪಪ್ರಕಾರಗಳ ವಿಷಯದಲ್ಲಿ ಯಾವುದು ಯಾರಿಗೆ?

ಕೋಲಾರದ ಟೊಮೆಟೊ ಮಂಡಿಗೆ ಹರಾಜು ಲೆಕ್ಕದ ತಂತ್ರಾಂಶ ಬರೆಯಲು ಯಾವ ಭಾಷೆ ಎಂದು ಕೇಳಿದ್ದೀರಿ. ‘ಪಾವತಿ’ ಬೇಕಾದ ಕಡೆ ಅದರ ಉಪಪ್ರಕಾರವನ್ನು, ಅಂದರೆ ಅದರದೇ ಒಂದು ವಿಶೇಷ ಬಗೆಯಾದ ‘ನಗದು ಪಾವತಿ’ಯನ್ನು ಕೊಟ್ಟರೆ ಭಾಷೆ ಹೇಗೆ ಒಪ್ಪುತ್ತದೆ ಎಂಬುದನ್ನು ಮೊದಲು ನೋಡಿ. ಜಾವಾದಲ್ಲಿ ಆ ಸಂಬಂಧವನ್ನು ಹೆಸರಿಟ್ಟು ಘೋಷಿಸಬೇಕು. ಟೈಪ್‌ಸ್ಕ್ರಿಪ್ಟ್‌ಗೆ ರಚನೆ (ಒಳಗಿನ ಭಾಗಗಳ ಹೆಸರು, ಬಗೆ) ಹೊಂದಿದರೆ ಸಾಕು. ಪೈಥಾನ್ ಓಡುವಾಗಷ್ಟೇ ಬೇಕಾದ ಮೆಥಡ್ (ವಸ್ತು ಮಾಡಬಲ್ಲ ಕೆಲಸ) ಇದೆಯೇ ಎಂದು ಹುಡುಕುತ್ತದೆ.

ಹಣದ ಲೆಕ್ಕದಲ್ಲಿ ಸುರಕ್ಷತೆಯೇ ನನಗೆ ಮುಖ್ಯ. ‘ತೂಕ’, ‘ಬೆಲೆ’ ಎಂಬ, ವಸ್ತುಗಳ ಅಚ್ಚಿನಂತಿರುವ ಎರಡು ಕ್ಲಾಸ್‌ಗಳಲ್ಲೂ ‘ಮೌಲ್ಯ’ ಎಂಬ ಒಂದೇ ಸಾರ್ವಜನಿಕ ಸಂಖ್ಯೆ ಇದ್ದರೆ, ಟೈಪ್‌ಸ್ಕ್ರಿಪ್ಟ್ ಒಂದರ ಜಾಗದಲ್ಲಿ ಇನ್ನೊಂದನ್ನು ಸುಮ್ಮನೆ ಸ್ವೀಕರಿಸುತ್ತದೆ. ಜಾವಾ ಕಂಪೈಲ್ ಹಂತದಲ್ಲೇ, ಅಂದರೆ ಓಡಿಸುವ ಮೊದಲೇ, ತಡೆಯುತ್ತದೆ. ಆದರೆ ಜಾವಾ ಕೂಡ ಪೂರ್ಣ ಭದ್ರವಲ್ಲ. ಸ್ಟ್ರಿಂಗ್ ಅರೇಯನ್ನು (ಪಠ್ಯಗಳ ಸಾಲನ್ನು) ಆಬ್ಜೆಕ್ಟ್ ಅರೇ (ಯಾವುದೇ ವಸ್ತುಗಳ ಸಾಲು) ಎಂದು ಸಾಗಿಸಿ ಅದರೊಳಗೆ ಪೂರ್ಣಾಂಕ ಇಟ್ಟರೆ ಕಂಪೈಲರ್ ಬಿಡುತ್ತದೆ, ಓಡುವಾಗ ದೋಷ ಬರುತ್ತದೆ. ಒಳಗೆ ಯಾವ ಬಗೆಯ ವಸ್ತು ಎಂದು ಮೊದಲೇ ಹೇಳುವ, 2004ರಲ್ಲಿ ಬಂದ ಜೆನೆರಿಕ್ ಪಟ್ಟಿಗಳಲ್ಲಿ ಈ ತೊಂದರೆಯಿಲ್ಲ, ಅವನ್ನೇ ಬಳಸಿ. ಇನ್ನು, ಉಪಕ್ಲಾಸ್ ಮೂಲ ಕ್ಲಾಸ್‌ನ ವರ್ತನೆಯ ಭರವಸೆಯನ್ನು ಉಳಿಸಿಕೊಳ್ಳಬೇಕೆಂಬ ಗಣಕ ವಿಜ್ಞಾನಿ ಬಾರ್ಬರಾ ಲಿಸ್ಕೊವ್ ಅವರ ನಿಯಮವನ್ನು ಮೂರರಲ್ಲಿ ಯಾವುದೂ ಪರೀಕ್ಷಿಸುವುದಿಲ್ಲ. ಅದಕ್ಕೆ ಟೆಸ್ಟ್ ಬರೆಯಲೇಬೇಕು.

ಬೇರೆಯವರು ಬರೆದಿಟ್ಟ ಕೋಡ್, ಅಂದರೆ ಲೈಬ್ರರಿಯನ್ನು ಜೋಡಿಸುವಾಗ, ರಚನೆ ಹೊಂದಿದರೆ ಸಾಕಾದ್ದರಿಂದ ಟೈಪ್‌ಸ್ಕ್ರಿಪ್ಟ್ ಹಗುರ. ಜಾವಾದಲ್ಲಿ ನಡುವೆ ಎರಡನ್ನೂ ಹೊಂದಿಸುವ ಅಡಾಪ್ಟರ್ ಕ್ಲಾಸ್ ಬೇಕಾಗುತ್ತದೆ. ವೆಚ್ಚದಲ್ಲಿ ವ್ಯತ್ಯಾಸವಿಲ್ಲ, ಮೂರೂ ಉಚಿತ.

ಹಲವರು ಸೇರಿ ವರ್ಷಗಟ್ಟಲೆ ನಿರ್ವಹಿಸುವ ಲೆಕ್ಕಕ್ಕೆ ಜಾವಾ, ಮೊಬೈಲ್ ಬ್ರೌಸರ್‌ನ ಪರದೆಗೆ ಟೈಪ್‌ಸ್ಕ್ರಿಪ್ಟ್ ಸರಿ. ದಿನದ ಧಾರಣೆಯ ವರದಿಯಷ್ಟೇ ಸಾಕಾದರೆ ಪೈಥಾನ್ ಹಿಡಿಯಿರಿ, ಬೆಳೆದಂತೆ ಪೈಥಾನ್ 3.8ರಲ್ಲಿ ಬಂದ ಪ್ರೋಟೋಕಾಲ್‌ಗಳನ್ನು (ಯಾವ ಮೆಥಡ್‌ಗಳು ಇರಬೇಕೆಂಬ ವಿವರಣೆಗಳನ್ನು), ಓಡಿಸುವ ಮೊದಲೇ ಅವನ್ನು ಪರಿಶೀಲಿಸುವ ಮೈಪೈ ಎಂಬ ಸಾಧನದ ಜೊತೆ ಸೇರಿಸಿಕೊಳ್ಳಬಹುದು.