ಅಭಾ ಆ್ಯಪ್ ಬಳಕೆ: ಚೀಟಿ ಬೇಗ ಸಿಗುತ್ತದೆ, ಫೈಲು ಮಾತ್ರ ಇನ್ನೂ ಹೊರಬೇಕು

ಅಮ್ಮನಿಗೆ ಶುಗರ್, ಬಿಪಿ ಎರಡೂ ಇವೆ. ಸರ್ಕಾರಿ ಆಸ್ಪತ್ರೆ, ಖಾಸಗಿ ಆಸ್ಪತ್ರೆ, ಮನೆ ಹತ್ತಿರದ ಲ್ಯಾಬ್ ಎಲ್ಲ ಕಡೆ ಅವರ ಜೊತೆ ಓಡಾಡುವುದು ನಾನೇ. ಹಾಗಾಗಿ ಆರೋಗ್ಯ ದಾಖಲೆಗಳಿಗೆ ಅಂತ ಸರ್ಕಾರ ತಂದ ಅಭಾ (ABHA) ಆ್ಯಪನ್ನು ಕೆಲವು ವರ್ಷಗಳಿಂದ ಬಿಡದೆ ಬಳಸುತ್ತಿದ್ದೇನೆ. ಚೀಟಿ ಮಾಡಿಸುವುದಕ್ಕೆ ಇದು ತುಂಬಾ ಒಳ್ಳೆಯದು. ಹಳೆಯ ರಿಪೋರ್ಟುಗಳಿಗೆ ಇದನ್ನೇ ನಂಬಿಕೊಂಡು ಹೋಗುವ ಕಾಲ ಇನ್ನೂ ಬಂದಿಲ್ಲ.

ಮೊದಲು ಒಂದು ಗೊಂದಲ ತಿಳಿಯಾಗಲಿ. ಅಭಾ ಬೇರೆ, ಆಯುಷ್ಮಾನ್ ಕಾರ್ಡ್ ಬೇರೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುವುದು ಆಯುಷ್ಮಾನ್ ಯೋಜನೆಯಲ್ಲಿ. ಅಭಾ ಅಂದರೆ 14 ಅಂಕಿಯ ಒಂದು ನಂಬರ್, ಅಷ್ಟೇ. ನಮ್ಮ ಆರೋಗ್ಯದ ದಾಖಲೆಗಳನ್ನು ಒಂದೆಡೆ ಜೋಡಿಸುವುದಕ್ಕೆ ಅಂತ ಮಾಡಿದ್ದು. 2021ರ ಸೆಪ್ಟೆಂಬರ್‌ನಲ್ಲಿ ದೇಶಕ್ಕೆಲ್ಲ ಬಂತು. ಮಾಡಿಸಿಕೊಳ್ಳಲೇಬೇಕು ಅನ್ನುವ ಕಡ್ಡಾಯವೂ ಇಲ್ಲ.

ದೊಡ್ಡ ಸರ್ಕಾರಿ ಆಸ್ಪತ್ರೆಯ ಓಪಿಡಿಯಲ್ಲಿ ಬೆಳಿಗ್ಗೆ ಚೀಟಿ ಕ್ಯೂ ಹೇಗಿರುತ್ತದೆ ಅಂತ ನೋಡಿದವರಿಗೆ ಗೊತ್ತು. ಮಂಡಿ ನೋವಿನವರನ್ನು ಅಲ್ಲಿ ನಿಲ್ಲಿಸುವುದೇ ಒಂದು ಹಿಂಸೆ. ಈಗ ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಹೆಸರು, ವಯಸ್ಸು, ವಿಳಾಸ ತಾನಾಗಿ ಕೌಂಟರ್‌ಗೆ ಹೋಗುತ್ತದೆ, ಫೋನಿಗೆ ಟೋಕನ್ ಬರುತ್ತದೆ. ಅಮ್ಮನನ್ನು ಬೆಂಚಿನ ಮೇಲೆ ಕೂರಿಸಿ ನಾನು ಚೀಟಿ ತರುತ್ತೇನೆ. ಈ ಒಂದು ಸೌಲಭ್ಯಕ್ಕೇ ಆ್ಯಪ್ ಇಟ್ಟುಕೊಳ್ಳಬಹುದು.

ಕಷ್ಟ ಶುರುವಾಗುವುದು ಡಾಕ್ಟರ್ ಕೋಣೆಯಲ್ಲಿ. ನಮ್ಮ ದಾಖಲೆಗಳೆಲ್ಲ ದೆಹಲಿಯ ಯಾವುದೋ ಕಂಪ್ಯೂಟರಿನಲ್ಲಿ ಇರುತ್ತವೆ ಅಂತ ಹಲವರು ಅಂದುಕೊಂಡಿದ್ದಾರೆ. ಹಾಗಲ್ಲ, ಅವು ಆಯಾ ಆಸ್ಪತ್ರೆಯಲ್ಲೇ ಉಳಿಯುತ್ತವೆ. ನಾವು ಒಪ್ಪಿದಾಗ ಮಾತ್ರ ಅಲ್ಲಿಂದ ಬರುತ್ತವೆ. ಅದಕ್ಕೆ ಆಸ್ಪತ್ರೆಯ ಸಾಫ್ಟ್‌ವೇರ್ ಅಭಾ ಜಾಲಕ್ಕೆ ಸೇರಿರಬೇಕು, ಡಾಕ್ಟರ್ ಹೇಳಿದ್ದನ್ನು ಯಾರಾದರೂ ಟೈಪ್ ಮಾಡಿರಬೇಕು. ಬಾಗಿಲ ಹೊರಗೆ ಅಷ್ಟು ಜನ ಕಾಯುತ್ತಿರುವಾಗ ಡಾಕ್ಟರ್ ರೋಗಿಯ ಮುಖ ನೋಡಬೇಕೋ, ಕೀಬೋರ್ಡ್ ನೋಡಬೇಕೋ? ಅವರು ಪೆನ್ನಿನಲ್ಲಿ ಬರೆಯುತ್ತಾರೆ, ಅದು ಸಹಜವೇ. ಆಮೇಲೆ ಆ್ಯಪಿನಲ್ಲಿ ಆ ದಿನದ ಭೇಟಿ ತೆರೆದರೆ ಅಮ್ಮನ ಹೆಸರು, ವಿಭಾಗ, ದಿನಾಂಕ ಇರುತ್ತದೆ. ಯಾವ ಮಾತ್ರೆ ಜಾಸ್ತಿ ಮಾಡಿದರು, ಯಾವುದು ನಿಲ್ಲಿಸಿದರು, ಅದೇ ಇರುವುದಿಲ್ಲ.

ಶುಗರ್ ಇರುವವರಿಗೆ ಬೇಕಾದದ್ದು ಇವತ್ತಿನ ಒಂದು ರಿಪೋರ್ಟ್ ಅಲ್ಲ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್) ಏರುತ್ತಿದೆಯಾ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ಅಂಕಿ) ನಿಧಾನವಾಗಿ ಮೇಲೆ ಹೋಗುತ್ತಿದೆಯಾ ಅನ್ನುವ ಲೆಕ್ಕ. ಒಂದು ಲ್ಯಾಬಿನವರು ರಿಪೋರ್ಟನ್ನು ಅಭಾಗೆ ಜೋಡಿಸುತ್ತಾರೆ, ಇನ್ನೊಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಪಿಡಿಎಫ್ ಕಳಿಸುತ್ತಾರೆ. ಪಿಡಿಎಫ್‌ನಲ್ಲಿ ಅಂಕಿ ಕಣ್ಣಿಗೆ ಕಾಣುತ್ತದೆ, ಹಿಂದಿನದರ ಪಕ್ಕ ಬಂದು ಕೂರುವುದಿಲ್ಲ. ಒಂದೊಂದನ್ನೇ ತೆರೆದು ನೋಡಬೇಕು. ಡಾಕ್ಟರ್ ಮುಂದೆ ಸಿಗುವ ಎರಡು ನಿಮಿಷದಲ್ಲಿ ಅದು ಆಗುವ ಮಾತಾ? ಆದ್ದರಿಂದ ಪ್ಲಾಸ್ಟಿಕ್ ಕವರಿನಲ್ಲಿರುವ ಫೈಲು ನಮ್ಮ ಜೊತೆ ಈಗಲೂ ಬರುತ್ತದೆ.

ಒಪ್ಪಿಗೆ ಕೇಳುವ ರೀತಿ ನನಗೆ ಇಷ್ಟವಾಯಿತು. ಯಾರು ಕೇಳುತ್ತಿದ್ದಾರೆ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗಿನ ದಾಖಲೆ ಬೇಕು, ಎಲ್ಲಿಯವರೆಗೆ ನೋಡಬಹುದು, ಎಲ್ಲ ಪರದೆಯ ಮೇಲೆ ಬರುತ್ತದೆ. ಬೇಡ ಅನ್ನಿಸಿದರೆ ಕೊಟ್ಟ ಒಪ್ಪಿಗೆ ವಾಪಸ್ ಪಡೆಯಬಹುದು. ಆದರೆ ಆಧಾರ್ ಮೂಲಕ ಅಭಾ ಮಾಡಿಸುವಾಗ ಒಟಿಪಿ ಬರುವುದು ಆಧಾರ್‌ಗೆ ಸೇರಿಸಿದ ಫೋನಿಗೆ. ವಯಸ್ಸಾದ ಎಷ್ಟೋ ಜನರ ಆಧಾರ್‌ಗೆ ಸೇರಿಸಿದ ನಂಬರ್ ಬೇರೆ ಊರಲ್ಲಿರುವ ಮಗನದೋ, ಯಾವಾಗಲೋ ಬಿಟ್ಟುಬಿಟ್ಟ ಸಿಮ್ಮಿನದೋ ಆಗಿರುತ್ತದೆ. ಹಾಗಿದ್ದರೆ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ನಂಬರ್ ಬದಲಿಸಿ. ಆಸ್ಪತ್ರೆಗೆ ಹೋದ ಮೇಲೆ ಆ ಪರದಾಟ ಬೇಡ.

ದಾಖಲೆ ಡಿಜಿಟಲ್ ಮಾಡುವ ಆಸ್ಪತ್ರೆಗಳಿಗೆ, ಲ್ಯಾಬುಗಳಿಗೆ ಸರ್ಕಾರ 2023ರಲ್ಲಿ ಪ್ರೋತ್ಸಾಹಧನ ಕೊಡಲು ಶುರು ಮಾಡಿತು. ಅಂಥ ದುಡ್ಡಿನಲ್ಲಿ ಪ್ರತಿ ಓಪಿಡಿಗೂ ಟೈಪ್ ಮಾಡುವ ಒಬ್ಬರನ್ನು ಡಾಕ್ಟರ್ ಪಕ್ಕ ಕೂರಿಸಬೇಕು ಅನ್ನುವುದು ನನ್ನ ಬೇಡಿಕೆ. ಸಾಫ್ಟ್‌ವೇರ್ ಎಷ್ಟು ಚೆನ್ನಾಗಿದ್ದರೂ ಒಳಗೆ ಹಾಕುವವರು ಬೇಕಲ್ವಾ?

ಐದರಲ್ಲಿ ಮೂರು ಸ್ಟಾರ್ ಕೊಡುತ್ತೇನೆ. ಹೊಸದಾಗಿ ಶುರು ಮಾಡುವವರು ಲ್ಯಾಬಿನಲ್ಲಿ ದುಡ್ಡು ಕಟ್ಟುವ ಮೊದಲೇ "ಅಭಾಗೆ ಲಿಂಕ್ ಮಾಡ್ತೀರಾ?" ಅಂತ ಕೇಳಿ. ಮಾಡುವ ಲ್ಯಾಬಿಗೇ ಪ್ರತಿ ಸಲ ಹೋಗಿ. ಡಿಸ್ಚಾರ್ಜ್ ಸಮ್ಮರಿ, ಅಲರ್ಜಿ ಇರುವ ಔಷಧಿಯ ಹೆಸರು, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ, ಈ ಮೂರರ ಫೋಟೋ ಫೋನಿನಲ್ಲಿ ಬೇರೆಯಾಗಿ ಇಟ್ಟುಕೊಳ್ಳಿ. ಅದರ ಒಂದು ಜೆರಾಕ್ಸ್ ಫೈಲಿನಲ್ಲೂ ಇರಲಿ.